ಎನ್‌ಎಸ್‌ಯುನಿಕ್‌ಐಡಿ ಅಂತ ಶುರುವಾಗುವ ಎಂಟ್ರಿ ಕಂಡರೆ ಅಳಿಸಲು ಓಡಬೇಡಿ

389 ಡೈರೆಕ್ಟರಿ ಸರ್ವರ್ (ಬಳಕೆದಾರರ ಖಾತೆಗಳನ್ನು ಮರದ ರೂಪದಲ್ಲಿ, ಒಂದೊಂದನ್ನೂ ಒಂದು ಎಂಟ್ರಿಯಾಗಿ ಇಡುವ ಎಲ್‌ಡ್ಯಾಪ್ ಸರ್ವರ್) ಅಥವಾ ಅದರ ಮೇಲೆ ನಿಂತಿರುವ ಫ್ರೀಐಪಿಎ ನೋಡಿಕೊಳ್ಳುವವರು ದಯವಿಟ್ಟು ಓದಿ. ನಮ್ಮಲ್ಲಿ ಒಂದು ವಿಭಾಗದ ಲಾಗಿನ್‌ಗಳೆಲ್ಲ ಒಮ್ಮೆಲೇ ಮಾಯವಾದವು. ಡಿಸ್ಕ್ ಕೆಟ್ಟಿರಲಿಲ್ಲ, ಯಾರೂ ಹ್ಯಾಕ್ ಮಾಡಿರಲಿಲ್ಲ. ಸಪೋರ್ಟ್ ಗುತ್ತಿಗೆ ಹಿಡಿದಿದ್ದವರು "ಡೂಪ್ಲಿಕೇಟ್ ಕ್ಲೀನ್ ಮಾಡ್ತೀವಿ" ಅಂತ ಒಂದು ಕಮಾಂಡ್ ಓಡಿಸಿದರು, ಅಷ್ಟೇ.

ಎರಡು ಊರಿನಲ್ಲಿ ಎರಡು ಸರ್ವರ್, ಎರಡರಲ್ಲೂ ಬರೆಯಬಹುದು; ಒಂದರ ಬದಲಾವಣೆ ಇನ್ನೊಂದಕ್ಕೂ ನಕಲಾಗುತ್ತದೆ, ಇದೇ ರೆಪ್ಲಿಕೇಶನ್. ನಡುವಿನ ಲಿಂಕ್ ಬಿದ್ದಿದ್ದ ಹೊತ್ತಿನಲ್ಲೇ ಹೊಸ ವಿಭಾಗಕ್ಕೆ ಒಂದು ಓಯು (ಮರದಲ್ಲಿ ಎಂಟ್ರಿಗಳನ್ನು ಗುಂಪಾಗಿಡುವ ಕೊಂಬೆ) ಬೇಕಾಯಿತು. ಗುತ್ತಿಗೆಯವರು ಬರೆದಿದ್ದ ಸ್ಕ್ರಿಪ್ಟ್ ಅದನ್ನು ಮೊದಲ ಸರ್ವರ್‌ನಲ್ಲಿ ಸೃಷ್ಟಿಸಿತು. ಉತ್ತರ ತಡವಾಯಿತು. ಆಗಲಿಲ್ಲ ಅಂದುಕೊಂಡು ಎರಡನೆಯದರಲ್ಲೂ ಅದೇ ಹೆಸರಿನಲ್ಲಿ ಸೃಷ್ಟಿಸಿ, ಜನರನ್ನೆಲ್ಲ ಅಲ್ಲೇ ಸೇರಿಸುತ್ತಾ ಹೋಯಿತು.

ಲಿಂಕ್ ಮರಳಿ ಬಂದಾಗ ಗಂಟು ಬಿತ್ತು. ನಮ್ಮ ಕಣ್ಣಿಗೆ ಅದು ಒಂದೇ ಓಯು. ಸರ್ವರ್ ಗುರುತು ಹಿಡಿಯುವುದು ಹೆಸರಿನಿಂದಲ್ಲ, ಪ್ರತಿ ಎಂಟ್ರಿಗೂ ತಾನೇ ಕೊಡುವ ಗುರುತು ಎನ್‌ಎಸ್‌ಯುನಿಕ್‌ಐಡಿಯಿಂದ. ಹಾಗಾಗಿ ಅದಕ್ಕೆ ಇವು ಎರಡು ಬೇರೆ ಎಂಟ್ರಿಗಳು. ಒಂದೇ ಡಿಎನ್ (ಮರದಲ್ಲಿ ಎಂಟ್ರಿಯ ಪೂರ್ತಿ ವಿಳಾಸ) ಇಬ್ಬರಿಗೆ ಕೊಡುವಂತಿಲ್ಲ. ಪ್ರತಿ ಬದಲಾವಣೆಗೂ ಸಮಯ ಹೊತ್ತ ಸಿಎಸ್‌ಎನ್ ಅನ್ನುವ ಗುರುತು ಸಂಖ್ಯೆ ಇರುತ್ತದೆ. ಅದನ್ನು ನೋಡಿ ಸರ್ವರ್ ಮೊದಲು ಹುಟ್ಟಿದ್ದಕ್ಕೆ ಹೆಸರು ಬಿಡುತ್ತದೆ, ಆಮೇಲಿನದರ ಹೆಸರಿಗೆ ಎನ್‌ಎಸ್‌ಯುನಿಕ್‌ಐಡಿ ಅಂಟಿಸುತ್ತದೆ. (ಮೈಕ್ರೋಸಾಫ್ಟ್‌ನ ಆಕ್ಟಿವ್ ಡೈರೆಕ್ಟರಿಯಲ್ಲಿ ಸಾಮಾನ್ಯವಾಗಿ ಇದು ಉಲ್ಟಾ: ಆಮೇಲಿನದು ಗೆಲ್ಲುತ್ತದೆ, ಸೋತದ್ದರ ಹೆಸರಿಗೆ ಸಿಎನ್‌ಎಫ್ ಅನ್ನುವ ಬಾಲ.) ಯಾವುದರಲ್ಲಿ ಜನ ಇದ್ದಾರೆ ಅನ್ನುವುದು ನಮ್ಮ ಸರ್ವರ್‌ಗೆ ಲೆಕ್ಕವೇ ಇಲ್ಲ. ನಮ್ಮಲ್ಲಿ ಖಾಲಿ ಓಯುಗೆ ಚೆಂದದ ಹೆಸರು ಉಳಿಯಿತು. ಜನ ತುಂಬಿದ ಓಯುಗೆ ಆ ವಿಕಾರ ಹೆಸರು ಬಂತು.

ಬೇರೆ ಆ್ಯಪ್‌ಗಳು ಮರವನ್ನೆಲ್ಲ ಜಾಲಾಡಿ ಯುಐಡಿ (ಲಾಗಿನ್ ಹೆಸರು) ಹುಡುಕುತ್ತಿದ್ದವು, ಅವಕ್ಕೇನೂ ಆಗಲಿಲ್ಲ. ವಿಪಿಎನ್ ಮಾತ್ರ ಚೆಂದದ ಹೆಸರಿನ ಓಯು ಒಳಗೇ ಹುಡುಕುತ್ತಿತ್ತು, ಅದು ಕೈಕೊಟ್ಟಿತು. ಟಿಕೆಟ್ ಹೋಯಿತು. ನೋಡಿದವರಿಗೆ ವಿಕಾರ ಹೆಸರಿನದು ಕಸದ ಹಾಗೆ ಕಂಡಿದೆ. ಸಹಜವೇ, ಅಲ್ವಾ? ಆದರೆ ಅಳಿಸಲು ಹೋದಾಗ ಸರ್ವರ್ 66ನೇ ಎರರ್ ಕೊಟ್ಟಿತ್ತು: ಇದರ ಕೆಳಗೆ ಮಕ್ಕಳಿವೆ, ಅಳಿಸಲಾಗದು ಅಂತ. ಅಲ್ಲಾದರೂ ನಿಲ್ಲಬಹುದಿತ್ತು. ಎಲ್‌ಡ್ಯಾಪ್‌ಡಿಲೀಟ್‌ಗೆ ಮೈನಸ್ ಆರ್ (ಮಕ್ಕಳನ್ನೂ ಅಳಿಸು ಅಂತ) ಸೇರಿಸಿ ಬುಡಸಮೇತ ಕಿತ್ತರು. ಇದನ್ನು ನಾನು ಕ್ಷಮಿಸಲಾರೆ. ಆ ಡಿಲೀಟ್ ನಿಷ್ಠೆಯಿಂದ ಇನ್ನೊಂದು ಸರ್ವರ್‌ಗೂ ಹೋಯಿತು.

ಅವರ ಮುಂದಿನ ಸಲಹೆ ಇನ್ನೂ ಅಪಾಯದ್ದು: "ಒಂದು ಸರ್ವರ್‌ಗೆ ಹಳೇ ಬ್ಯಾಕಪ್ ಹಾಕಿಬಿಡೋಣ." ಹಾಕಿದರೆ ಏನಾಗುತ್ತದೆ? ನೀನು ಹಿಂದೆ ಉಳಿದಿದ್ದೀಯ ಅಂತ ಇನ್ನೊಂದು ಸರ್ವರ್ ಅವೇ ಡಿಲೀಟ್‌ಗಳನ್ನು ಮತ್ತೆ ಕಳಿಸುತ್ತದೆ. ನಾವು ಒಪ್ಪಲಿಲ್ಲ. ನಮ್ಮನ್ನು ಉಳಿಸಿದ್ದು ಟೂಂಬ್‌ಸ್ಟೋನ್‌ಗಳು, ಅಂದರೆ ಅಳಿಸಿದ ಎಂಟ್ರಿಗಳ ಮರೆಯಲ್ಲಿ ಉಳಿದ ಪ್ರತಿಗಳು. ರೆಪ್ಲಿಕೇಶನ್ ಇರುವ ಕಡೆ ಅಳಿಸಿದ ಎಂಟ್ರಿ ತಕ್ಷಣ ಹೋಗುವುದಿಲ್ಲ. ಪರ್ಜ್ ಡಿಲೇ (ಪೂರ್ತಿ ಅಳಿಸುವ ಮೊದಲು ಕಾಯುವ ಅವಧಿ) ಡೀಫಾಲ್ಟ್ 604800 ಸೆಕೆಂಡ್, ಅಂದರೆ 7 ದಿನ. ಡೈರೆಕ್ಟರಿ ಮ್ಯಾನೇಜರ್ (ಸರ್ವರ್‌ನ ಮುಖ್ಯ ಆಡಳಿತ ಖಾತೆ) ಆಗಿ ಆಬ್ಜೆಕ್ಟ್‌ಕ್ಲಾಸ್ ಎನ್‌ಎಸ್‌ಟೂಂಬ್‌ಸ್ಟೋನ್ ಅಂತ ಹುಡುಕಿದೆವು. ಪಾಸ್‌ವರ್ಡ್ ಹ್ಯಾಶ್, ಯುಐಡಿ ನಂಬರ್ (ಫೈಲ್ ಯಾರದ್ದು ಅಂತ ಹೇಳುವ ಸಂಖ್ಯೆ) ಎಲ್ಲವೂ ಸಿಕ್ಕವು. ಅವನ್ನೇ ಇಟ್ಟು ಎಂಟ್ರಿಗಳನ್ನು ಹೊಸದಾಗಿ ಸೇರಿಸಿದೆವು. ಯುಐಡಿ ನಂಬರ್ ಬೇರೆ ಆಗಿದ್ದರೆ ಎನ್‌ಎಫ್‌ಎಸ್ ಅನ್ನುವ ನೆಟ್‌ವರ್ಕ್ ಸಂಗ್ರಹದಲ್ಲಿದ್ದ ಅವರ ಫೈಲ್‌ಗಳೇ ಅವರದ್ದಲ್ಲದ ಹಾಗಾಗುತ್ತಿದ್ದವು.

ಇಷ್ಟೆಲ್ಲ ಬೇಕಾಗಿಯೇ ಇರಲಿಲ್ಲ. ಇಂಥ ಎಂಟ್ರಿ ಕಂಡರೆ ಮೊದಲು ಎಲ್‌ಡಿಐಎಫ್ (ಎಂಟ್ರಿಗಳ ಪಠ್ಯರೂಪದ ಪ್ರತಿ) ತೆಗೆದಿಡಿ. ಸರ್ವರ್ ನಿರ್ವಹಿಸುವ ಕಮಾಂಡ್ ಡಿಎಸ್‌ಕಾನ್ಫ್‌ನಲ್ಲಿ ರೆಪ್ಲ್-ಕಾನ್‌ಫ್ಲಿಕ್ಟ್ ಅನ್ನುವ ಭಾಗವಿದೆ. ಲಿಸ್ಟ್ ನೋಡಿ, ಕಂಪೇರ್ ಮಾಡಿ, ಎರಡೂ ಎಂಟ್ರಿಯ ಕೆಳಗೆ ಏನಿದೆ ಅಂತ ಕೈಯಾರೆ ಹುಡುಕಿ. ಆಮೇಲೆ ಡಿಲೀಟ್, ಸ್ವಾಪ್, ಕನ್ವರ್ಟ್ ಮೂರರಲ್ಲಿ ಒಂದು. ನಮಗೆ ಬೇಕಾಗಿದ್ದದ್ದು ಸ್ವಾಪ್: ಖಾಲಿಯದು ಹೋಗಿ, ಜನ ಇರುವುದಕ್ಕೆ ಸರಿಯಾದ ಹೆಸರು. ಗಂಟು ಬಿದ್ದ ಎರಡು ಎಂಟ್ರಿಗಳು ನಿಜವಾಗಿ ಬೇರೆ ವ್ಯಕ್ತಿಗಳದ್ದಾಗಿದ್ದರೆ ಕನ್ವರ್ಟ್, ಒಬ್ಬರಿಗೆ ಹೊಸ ಹೆಸರು. ಒಂದು ಸರ್ವರ್‌ನಲ್ಲಿ ಮಾತ್ರ ಮಾಡಿ, ಅದೇ ಹರಡುತ್ತದೆ.

ಯುಐಡಿಯಂಥದ್ದು ಎರಡು ಸಲ ಬರದಂತೆ ತಡೆಯುವ ಯುನಿಕ್‌ನೆಸ್ ಪ್ಲಗಿನ್ ಇದೆ ಅಂತ ನೆಮ್ಮದಿಯಾಗಿರಬೇಡಿ. ಅದು ತನ್ನ ಸರ್ವರ್ ಮಟ್ಟಿಗೆ ಮಾತ್ರ ನೋಡುತ್ತದೆ. ಸೇರಿಸುವ ಸ್ಕ್ರಿಪ್ಟ್‌ಗಳಿಗೆ ಒಂದೇ ಸರ್ವರ್ ಗೊತ್ತುಮಾಡಿ. ಇನ್ನೊಂದು ವಿಷಯ: ಈಚಿನ ಆವೃತ್ತಿಗಳಲ್ಲಿ ಹೀಗೆ ವಿಕಾರ ಹೆಸರು ಪಡೆದ ಎಂಟ್ರಿಗಳಿಗೆ ಎಲ್‌ಡ್ಯಾಪ್‌ಸಬ್‌ಎಂಟ್ರಿ ಕ್ಲಾಸ್ ಸೇರುವುದರಿಂದ ಸುಮ್ನೆ ಹುಡುಕಿದರೆ ಕಾಣುವುದೇ ಇಲ್ಲ. ಫಿಲ್ಟರ್‌ನಲ್ಲಿ ಆ ಕ್ಲಾಸ್ ಹೆಸರೂ ಎನ್‌ಎಸ್‌ಡಿಎಸ್5ರೆಪ್ಲ್‌ಕಾನ್‌ಫ್ಲಿಕ್ಟ್ ಆಟ್ರಿಬ್ಯೂಟೂ ಎರಡೂ ಇರಲಿ.