ಅಜ್ಜಿಯ ಹಾಡು ಹಿಡಿದಿಡಲು ಝೂಮ್ ಎಚ್‌1ಎನ್ ರೆಕಾರ್ಡರ್: ಬಳಕೆಯ ವಿಮರ್ಶೆ

ಅಂಕೋಲಾದ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಸುಕ್ರಜ್ಜಿ ತೀರಿಕೊಂಡರು. ಓದು ಬರಹವಿಲ್ಲದೆ ಹಾಲಕ್ಕಿ ಸಮುದಾಯದ ಹಾಡುಗಳನ್ನು ನೆನಪಿನಲ್ಲೇ ಹೊತ್ತಿದ್ದ ಅವರ ದನಿ ಧ್ವನಿಮುದ್ರಣಗಳಲ್ಲಿ ಉಳಿದಿದೆ. ಹೊರಗಿನವರಿಗೆ ಹೆಸರೇ ಗೊತ್ತಿಲ್ಲದ ಎಷ್ಟೋ ಅಜ್ಜಿಯರ ಬೀಸುವ ಪದ, ಸೋಬಾನೆ, ಜೋಗುಳಗಳಿಗೆ ಆ ಭಾಗ್ಯ ಸಿಕ್ಕಿಲ್ಲ. ಏನಾದರೂ ಅರ್ಥವಿರುವ ಕೆಲಸ ಮಾಡಬೇಕೆಂದು ಚಡಪಡಿಸುವ ಬರಹಗಾರರಿಗೆ, ಹಾಡುಗಾರರಿಗೆ ಇದಕ್ಕಿಂತ ಹತ್ತಿರದ ಕೆಲಸ ಇನ್ನೊಂದಿಲ್ಲ. ಮುಂದಿನ ದೀಪಾವಳಿಗೆ ಮಾಡೋಣ ಎನ್ನುವಷ್ಟು ಪುರುಸೊತ್ತೂ ಇದಕ್ಕಿಲ್ಲ.

ಈ ಕೆಲಸಕ್ಕೆ ಝೂಮ್ ಎಚ್‌1ಎನ್ ಒಳ್ಳೆಯ ಸಾಧನ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು, ತಲೆಯಲ್ಲಿ ಎರಡು ಮೈಕು. ಎರಡು ಎಎಎ ಸೆಲ್ ಹಾಕಿದರೆ ಸುಮಾರು ಹತ್ತು ಗಂಟೆ ನಡೆಯುತ್ತದೆ. ಒಳಗೆ ಸ್ವಂತ ಮೆಮೊರಿ ಇಲ್ಲ. 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಕಾರ್ಡ್ ಬೇಕು, ಅದನ್ನು ಮೊದಲು ಇದರಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್ ವೇವ್ ಕಡತದಲ್ಲಿ ಗಂಟೆಗೆ ಒಂದು ಜಿಬಿಗಿಂತ ತುಸು ಹೆಚ್ಚು ಜಾಗ ಹೋಗುತ್ತದೆ. ಅಂದರೆ ಒಂದು ಕಾರ್ಡಿನಲ್ಲಿ ಸುಮಾರು ಮೂವತ್ತು ಗಂಟೆಯ ಹಾಡು. ಜಾಗ ಉಳಿಸಲೆಂದು ಎಂಪಿ3 ಆರಿಸಬೇಡಿ. ಅದರಲ್ಲಿ ಒಮ್ಮೆ ಕಳೆದುಹೋದ ದನಿಯ ವಿವರ ಮತ್ತೆ ಸಿಗುವುದಿಲ್ಲ.

ಮುಂಭಾಗದ ಗುಂಡಿ ತಿರುಗಿಸಿ ದನಿಯ ಮಟ್ಟ ಹೊಂದಿಸುವ ವ್ಯವಸ್ಥೆ ಇದರ ದೊಡ್ಡ ಅನುಕೂಲ. ಹಾಡಿನ ಅತಿ ಏರುದನಿಯ ಸಾಲನ್ನು ಮೊದಲು ಒಮ್ಮೆ ಹಾಡಿಸಿ, ಆಗ ಪರದೆಯ ಮೀಟರ್ ಮೈನಸ್ 12 ಡೆಸಿಬೆಲ್‌ನ ಆಸುಪಾಸು ಮುಟ್ಟಿದರೆ ಸಾಕು. ವಯಸ್ಸಾದವರು ಮೆಲ್ಲಗೆ ಶುರುಮಾಡಿ, ಹಾಡು ಏರಿದಂತೆ ಗಂಟಲು ಬಿಡುತ್ತಾರೆ. ಮೊದಲ ಸಾಲಿಗೆ ಮಟ್ಟ ಹೊಂದಿಸಿದರೆ ಮೂರನೆಯ ನುಡಿಯಲ್ಲಿ ದನಿ ಒಡೆಯುತ್ತದೆ. ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಹಾಕಿಡಿ. ಮಟ್ಟವನ್ನು ತಾನೇ ಹೊಂದಿಸುವ ಆಟೋ ಲೆವೆಲ್ ಮಾತ್ರ ಬೇಡ: ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತಾಗ ಅದು ಮಟ್ಟವನ್ನು ಮೇಲೆತ್ತಿ ಫ್ಯಾನಿನ ಸದ್ದನ್ನೇ ದೊಡ್ಡದು ಮಾಡುತ್ತದೆ. ತಗ್ಗಿನ ಸದ್ದನ್ನು ಸೋಸುವ ಲೋ ಕಟ್ 80 ಹರ್ಟ್ಸ್‌ನಲ್ಲಿ ಇಟ್ಟರೆ ದೂರದ ಮೋಟರಿನ ಗುಂಯ್‌ಗುಡುವಿಕೆ ಒಂದಿಷ್ಟು ತಗ್ಗುತ್ತದೆ.

ಕೊರತೆಯೂ ಇದೆ. ಪ್ಲಾಸ್ಟಿಕ್ ಮೈ ಸಣ್ಣ ತಾಗುವಿಕೆಯನ್ನೂ ದಾಖಲಿಸಿಬಿಡುತ್ತದೆ. ಬೆರಳು ಸರಿದರೂ ಕರಕರ. ಆದ್ದರಿಂದ ಕೈಯಲ್ಲಿ ಹಿಡಿಯಲೇಬೇಡಿ. ಹಿಂಬದಿಯ ತಿರುಪಿಗೆ ಪುಟ್ಟ ಟ್ರೈಪಾಡ್ ಹಾಕಿ, ಅದರ ಕೆಳಗೆ ನಾಲ್ಕು ಮಡಿಕೆಯ ಟವೆಲ್ ಇಡಿ. ಬಾಯಿಂದ ಒಂದು ಗೇಣಿಗಿಂತ ಸ್ವಲ್ಪ ದೂರ, ನೇರ ಎದುರಿಗಲ್ಲದೆ ತುಸು ಪಕ್ಕಕ್ಕೆ ಇಟ್ಟರೆ ಪ, ಭ ಅಕ್ಷರಗಳ ಗಾಳಿ ಮೈಕಿಗೆ ಬಡಿಯುವುದಿಲ್ಲ. ಅಂಗಳದಲ್ಲಾದರೆ ಸ್ಪಂಜು ಅಥವಾ ತುಪ್ಪಳದ ಗವಸು ಕಡ್ಡಾಯ. ರೀಚಾರ್ಜ್ ಸೆಲ್ ಹಾಕುವವರು ಮೆನುವಿನಲ್ಲಿ ಸೆಲ್ಲಿನ ಬಗೆ ಬದಲಿಸದಿದ್ದರೆ ಚಾರ್ಜ್ ಎಷ್ಟು ಉಳಿದಿದೆ ಎಂಬುದನ್ನು ತಪ್ಪಾಗಿ ತೋರಿಸುತ್ತದೆ.

ಫ್ಯಾನು, ಫ್ರಿಜ್ಜು ಆರಿಸಿ. ಕುಕ್ಕರ್ ಒಲೆಯ ಮೇಲಿಲ್ಲದ ಹೊತ್ತು ನೋಡಿ. ಬೀಸುವ ಪದ ಬೇಕಾದರೆ ಕಲ್ಲಿನ ಮುಂದೆ ಕೂರಿಸಿ. ಕೈ ತಿರುಗತೊಡಗಿದರೆ ಬರೀ ಮಾತಿಗೆ ನೆನಪಾಗದ ನುಡಿಗಳೂ ಬರುತ್ತವೆ. ಆಗ ಕಲ್ಲಿನ ಸದ್ದೂ ಹಾಡಿನ ಭಾಗವೇ, ಅದನ್ನು ಅಳಿಸಲು ಹೋಗಬೇಡಿ. ಒಂದು ಕೂರಿಕೆಗೆ ಅರ್ಧ ಗಂಟೆ ಸಾಕು, ಪಕ್ಕದಲ್ಲಿ ಬಿಸಿನೀರು ಇರಲಿ. ದಣಿದ ಗಂಟಲಿನಿಂದ ಇನ್ನೊಂದು ಹಾಡು ಎಳೆಯುವುದು ಕ್ರೌರ್ಯ.

ಹೆಚ್ಚು ಜನ ಗಮನಿಸದ ಸೌಲಭ್ಯವೊಂದಿದೆ: ಕೇಳುವಾಗ ವೇಗವನ್ನು ಅರ್ಧಕ್ಕೆ ಇಳಿಸಬಹುದು. ಹಾಡನ್ನು ಅಕ್ಷರಕ್ಕೆ ಇಳಿಸುವವರಿಗೆ ಇದು ವರ. ಊರ ನುಡಿಯಲ್ಲಿ ನುಂಗಿದ ವಿಭಕ್ತಿ, ಎಳೆದ ಸ್ವರ ಎಲ್ಲವೂ ಸ್ಪಷ್ಟವಾಗುತ್ತವೆ. ತಿಳಿಯದ ಪದಗಳನ್ನು ಮರುದಿನವೇ ಹಾಡಿದ ಅಜ್ಜಿಯನ್ನೇ ಕೇಳಿ ಬರೆದುಕೊಳ್ಳಿ. ಅದಕ್ಕೆ ಅರ್ಥ ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ ಇರಬಹುದು.

ಇದೇ ಕಂಪನಿಯಿಂದ 2024ರಲ್ಲಿ ಬಂದ ಎಚ್‌1ಎಸೆನ್ಷಿಯಲ್ ಮೆಲುದನಿ, ಏರುದನಿ ಎರಡನ್ನೂ ಹಿಡಿಯಬಲ್ಲ 32 ಬಿಟ್ ಫ್ಲೋಟ್‌ನಲ್ಲಿ ದಾಖಲಿಸುತ್ತದೆ, ಮಟ್ಟ ಹೊಂದಿಸುವ ಗೋಜೇ ಇಲ್ಲ. ಹೊಸದಾಗಿ ಕೊಳ್ಳುವವರಿಗೆ, ಅದರಲ್ಲೂ ಯಂತ್ರಕ್ಕೆ ಅಂಜುವವರಿಗೆ ಅದೇ ಲೇಸು. ಎಚ್‌1ಎನ್ ಈಗಾಗಲೇ ಇದ್ದರೆ ಬದಲಿಸುವ ಅಗತ್ಯವಿಲ್ಲ. ಎರಡೂ ಇಲ್ಲವೆಂದರೆ ಕೈಯಲ್ಲಿರುವ ಫೋನಿನಲ್ಲೇ ಇವತ್ತು ಶುರುಮಾಡಿ. ರೆಕಾರ್ಡರ್ ಬರುವವರೆಗೆ ಕಾಯುವುದು ಬೇಡ.

ಪ್ರತಿ ಕಡತದ ಮೊದಲಿಗೆ ತಾರೀಖು, ಊರು, ಹಾಡುವವರ ಹೆಸರು, ಹಾಡನ್ನು ಯಾರಿಂದ ಕಲಿತರು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಹೊರಗಿನವರಿಗೆ ಕೇಳಿಸಬಹುದೇ ಎಂದು ಆಗಲೇ ಒಪ್ಪಿಗೆ ಪಡೆಯಿರಿ. ಅದೇ ಸಂಜೆ ಎರಡು ಬೇರೆ ಕಡೆ ನಕಲು ಮಾಡಿ, ಎರಡನ್ನೂ ತೆರೆದು ಕೇಳಿ, ಆಮೇಲೆ ಕಾರ್ಡ್ ಅಳಿಸಿ.