ಡಿ ಡ್ರೈವ್‌ನಲ್ಲಿದೆ ಎಂದು ಧೈರ್ಯವಾಗಿರಬೇಡಿ: ಹಳೆ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಿಸುವವರಿಗೆ

ಹಳೆ ಕಂಪ್ಯೂಟರ್ ಅನ್ನು ವಿಂಡೋಸ್ 10ರಿಂದ 11ಕ್ಕೆ ಏರಿಸಲು ಹೊರಟಿದ್ದರೆ ದಯವಿಟ್ಟು ಇದನ್ನು ಓದಿ ಮುಂದುವರಿಯಿರಿ. ಅಂಗಡಿಯೊಂದರಲ್ಲಿ ಅಪ್‌ಗ್ರೇಡ್ ಆಗಿ ಬಂದ ಯಂತ್ರವೊಂದರಲ್ಲಿ ಡಿ ಮತ್ತು ಇ ಡ್ರೈವ್‌ಗಳು ಎರಡೂ ಇರಲಿಲ್ಲ. ಮಕ್ಕಳ ಫೋಟೋ, ಟ್ಯಾಲಿ ಲೆಕ್ಕ, ನುಡಿಯಲ್ಲಿ ಟೈಪ್ ಮಾಡಿದ ಕಡತಗಳು ಎಲ್ಲವೂ ಅಲ್ಲಿದ್ದವು. ಬೇರೆಲ್ಲೂ ನಕಲು ಇರಲಿಲ್ಲ, ಏಕೆಂದರೆ "ಫಾರ್ಮ್ಯಾಟ್ ಮಾಡಿದರೆ ಸಿ ಮಾತ್ರ ಹೋಗುತ್ತೆ, ಡಿ ಸೇಫ್" ಎನ್ನುವ ಮಾತನ್ನು ವರ್ಷಗಟ್ಟಲೆ ಎಲ್ಲರೂ ನಂಬಿಕೊಂಡು ಬಂದಿದ್ದೇವೆ. ವಿಂಡೋಸ್ 7ರ ಕಾಲಕ್ಕೆ ಅದು ಹೆಚ್ಚುಕಡಿಮೆ ನಿಜವೂ ಆಗಿತ್ತು. ಈಗ ಅಲ್ಲ.

ಯಂತ್ರ ನಾಲ್ಕನೇ ತಲೆಮಾರಿನ ಐ5, ಎಚ್81 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಮೊದಲು ವಿಂಡೋಸ್ 7 ಇತ್ತು, ಅದರ ಮೇಲೆಯೇ 10 ಹಾಕಿದ್ದರು. ಹೀಗಾಗಿ ಬಯಾಸ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಲೆಗಸಿ ಎಂಬ ಹಳೆ ಮೋಡ್‌ನಲ್ಲಿ, ಡಿಸ್ಕ್ ಎಂಬಿಆರ್ ಶೈಲಿಯಲ್ಲಿ, ಅಂದರೆ ಪಾರ್ಟಿಷನ್‌ಗಳ (ಡಿಸ್ಕ್‌ನ ವಿಭಾಗಗಳ) ಪಟ್ಟಿ ಇಡುವ ಹಳೆ ವಿಧಾನದಲ್ಲಿ ಉಳಿದಿತ್ತು. ಮೊದಲಿಗೆ ಬೂಟ್ ಕಡತಗಳಿರುವ 100 ಎಂಬಿಯ ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್, ಆಮೇಲೆ ಸಿ, ಕೊನೆಗೆ ಬೇರೆ ಡ್ರೈವ್‌ಗಳನ್ನು ಒಳಗಿಟ್ಟುಕೊಳ್ಳುವ ಒಂದು ಎಕ್ಸ್‌ಟೆಂಡೆಡ್ ಪಾರ್ಟಿಷನ್, ಅದರೊಳಗೆ ಡಿ ಮತ್ತು ಇ. ನಮ್ಮಲ್ಲಿ ಅಸೆಂಬಲ್ ಮಾಡಿಸಿದ ಹಳೆ ಡೆಸ್ಕ್‌ಟಾಪ್‌ಗಳಲ್ಲಿ ಈ ವಿನ್ಯಾಸ ತೀರಾ ಸಾಮಾನ್ಯ.

ಮೊದಲ ಪ್ರಯತ್ನದಲ್ಲಿ ಅಂಗಡಿಯವರು, ಹಳೆ ಯಂತ್ರಗಳನ್ನು ತಡೆಯುವ ವಿಂಡೋಸ್ 11ರ ಹಾರ್ಡ್‌ವೇರ್ ಪರೀಕ್ಷೆಯನ್ನು ತಪ್ಪಿಸಿ (ಬೈಪಾಸ್ ಮಾಡಿ), ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಓಡಿಸಿದರು. ಸಿಸ್ಟಮ್ ರಿಸರ್ವ್ಡ್ ಪಾರ್ಟಿಷನ್ ಅಪ್‌ಡೇಟ್ ಮಾಡಲಾಗಲಿಲ್ಲ ಎಂಬ ಸಂದೇಶ ಕೊಟ್ಟು ಅದು ನಿಂತಿತು. ಇದಕ್ಕೆ ಕಾರಣ ಸರಳ. ಆ 100 ಎಂಬಿಯಲ್ಲಿ ಸುಮಾರು 15 ಎಂಬಿ ಖಾಲಿ ಇರಬೇಕು. ಬೂಟ್ ಪರದೆಗೆ ಬೇಕಾದ ಬೇರೆ ಬೇರೆ ಭಾಷೆಗಳ ಫಾಂಟ್ ಮತ್ತು ಕೆಲವು ಆ್ಯಂಟಿವೈರಸ್‌ಗಳು ಬರೆದಿಡುವ ಕಡತಗಳಿಂದ ಅದು ತುಂಬಿಹೋಗುತ್ತದೆ. ಆ ಪಾರ್ಟಿಷನ್‌ಗೆ ತಾತ್ಕಾಲಿಕವಾಗಿ ಒಂದು ಡ್ರೈವ್ ಅಕ್ಷರ ಕೊಟ್ಟು, ಬೂಟ್ ಫೋಲ್ಡರಿನೊಳಗಿನ ಫಾಂಟ್ಸ್ ಕಡತಗಳನ್ನು ಮಾತ್ರ ಅಳಿಸಿ, ಅಕ್ಷರ ತೆಗೆದರೆ ಜಾಗ ಆಗುತ್ತದೆ. ಕೆಲವೇ ನಿಮಿಷಗಳ ಕೆಲಸ.

ಅಂಗಡಿಯವರು ಅದನ್ನು ಮಾಡದೆ ಪೆನ್‌ಡ್ರೈವ್‌ನಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಲು ಹೊರಟರು. ಅನಾಹುತ ಶುರುವಾದದ್ದೇ ಇಲ್ಲಿ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಾಲಾಗಿ ಕಾಣುತ್ತದೆ: ಒಂದರ ಹೆಸರಿನ ಮೊದಲು ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಎಂದಿರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಯುಇಎಫ್‌ಐ ಸಾಲನ್ನು ಒತ್ತಿದರೆ, ಎಂಬಿಆರ್ ಡಿಸ್ಕ್‌ನ ಯಾವ ಪಾರ್ಟಿಷನ್ ಆರಿಸಿದರೂ "ಈ ಡಿಸ್ಕ್ ಮೇಲೆ ಹಾಕಲಾಗದು, ಜಿಪಿಟಿ ಡಿಸ್ಕ್ ಬೇಕು" ಎಂಬ ಅರ್ಥದ ಸಂದೇಶ ಬರುತ್ತದೆ. ಜಿಪಿಟಿ ಎಂದರೆ ಎಂಬಿಆರ್ ಜಾಗಕ್ಕೆ ಬಂದ ಹೊಸ ಶೈಲಿ. ಸಿ ಅಳಿಸಿದರೂ ಅದೇ ಸಂದೇಶ, ಸಿಸ್ಟಮ್ ರಿಸರ್ವ್ಡ್ ಅಳಿಸಿದರೂ ಅದೇ. ಎಂಬಿಆರ್ ಎನ್ನುವುದು ಇಡೀ ಡಿಸ್ಕ್‌ನ ಲಕ್ಷಣ, ಒಂದು ಪಾರ್ಟಿಷನ್‌ನದಲ್ಲ. ಡಿಸ್ಕ್ ಪೂರ್ತಿ ಖಾಲಿಯಾಗುವವರೆಗೆ ಸಂದೇಶ ಹೋಗುವುದಿಲ್ಲ. ಅವಸರದಲ್ಲಿರುವವರು ಒಂದಾದ ಮೇಲೊಂದು ಡಿಲೀಟ್ ಒತ್ತುತ್ತಾ ಹೋಗುತ್ತಾರೆ. ಆ ಪರದೆಯಲ್ಲಿ ಸಿ, ಡಿ, ಇ ಎಂಬ ಅಕ್ಷರಗಳೂ ಕಾಣುವುದಿಲ್ಲ. ಕಾಣುವುದು ಪಾರ್ಟಿಷನ್ 1, 2, 3 ಎಂಬ ಸಂಖ್ಯೆ, ಗಾತ್ರ, ಹೆಸರಿಟ್ಟಿದ್ದರೆ ಹೆಸರು, ಅಷ್ಟೇ. ಕೆಲಸ ಮಾಡುವವರ ಪಕ್ಕದಲ್ಲೇ ಕೂತಿದ್ದರೂ ನಿಮ್ಮ ಡಿ ಅಳಿಯುತ್ತಿದೆ ಎಂದು ಗೊತ್ತಾಗುವುದು ಕಷ್ಟ.

ಹೀಗೆ ಆಗಿಬಿಟ್ಟರೆ ಆ ಕ್ಷಣವೇ ಯಂತ್ರ ಆಫ್ ಮಾಡಿ. ಹಾರ್ಡ್ ಡಿಸ್ಕ್‌ನಲ್ಲಿ ಪಾರ್ಟಿಷನ್ ಅಳಿಸಿದಾಗ ಹೋಗುವುದು ಪಟ್ಟಿ ಮಾತ್ರ, ಮಾಹಿತಿ ಹಾಗೇ ಇರುತ್ತದೆ. ಹೊಸದಾಗಿ ಏನಾದರೂ ಬರೆದಷ್ಟು ಮಾತ್ರ ನಾಶವಾಗುತ್ತದೆ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಜೋಡಿಸಿ, ಆಗುವುದಾದರೆ ಮೊದಲು ಅದರ ಪೂರ್ತಿ ಇಮೇಜ್ (ಇಡೀ ಡಿಸ್ಕ್‌ನ ಯಥಾವತ್ ನಕಲು) ತೆಗೆದು, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಹಳೆ ಪಾರ್ಟಿಷನ್ ಹುಡುಕಿಸಿ. ಸಿಕ್ಕಿದ್ದನ್ನು ಮೂರನೆಯ ಡಿಸ್ಕ್‌ಗೆ ನಕಲು ಮಾಡಿ, ಅದೇ ಡಿಸ್ಕ್‌ಗೆ ಎಂದೂ ಬೇಡ. ಈ ಯಂತ್ರದಲ್ಲಿ ಇ ಬಹುಪಾಲು ಫೋಲ್ಡರ್ ಸಮೇತ ಸಿಕ್ಕಿತು. ಡಿ ಇದ್ದ ಜಾಗದಲ್ಲಿ ಮಾತ್ರ ಹೊಸ ಡ್ರೈವ್ ಮಾಡಿ ಡ್ರೈವರ್, ಸಿನಿಮಾ ತುಂಬಿಬಿಟ್ಟಿದ್ದರು. ಅಲ್ಲಿಂದ ಫೋಟೊರೆಕ್ ಎಂಬ ಕಡತ ಹೆಕ್ಕುವ ತಂತ್ರಾಂಶ ಕೊಟ್ಟ ಕಡತಗಳಿಗೆ ಹೆಸರೂ ಇಲ್ಲ, ಫೋಲ್ಡರೂ ಇಲ್ಲ. ಟ್ಯಾಲಿಯಂಥ ಲೆಕ್ಕಕ್ಕೆ ಅದು ಪ್ರಯೋಜನಕ್ಕೆ ಬರುವುದಿಲ್ಲ. ಇನ್ನು ಎಸ್‌ಎಸ್‌ಡಿಯಾಗಿದ್ದರೆ ಫಾರ್ಮ್ಯಾಟ್ ಆದ ಮೇಲೆ, ಅಳಿಸಿದ ಜಾಗವನ್ನು ಖಾಲಿ ಮಾಡು ಎಂಬ ಟ್ರಿಮ್ ಆದೇಶ ಹೋಗಿ, ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಆದ್ದರಿಂದ ಕೈ ಹಾಕುವ ಮುಂಚೆ ನೋಡಬೇಕಾದ್ದು ಇದೆ. ಸಿಸ್ಟಮ್ ಇನ್‌ಫರ್ಮೇಷನ್ ತೆರೆದು ಬಯಾಸ್ ಮೋಡ್ ಲೆಗಸಿಯೋ ಯುಇಎಫ್‌ಐಯೋ ನೋಡಿ. ಈಗಿರುವುದು 32 ಬಿಟ್ ವಿಂಡೋಸ್ ಆಗಿದ್ದರೆ ಅದರ ಮೇಲೆಯೇ ಅಪ್‌ಗ್ರೇಡ್ ಸಾಧ್ಯವೇ ಇಲ್ಲ. 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಹಳೆಯ ಡಾಸ್ ಲೆಕ್ಕದ ತಂತ್ರಾಂಶ ಅದರಲ್ಲಿ ನೇರವಾಗಿ ಓಡುವುದಿಲ್ಲ. ಪ್ರೊಸೆಸರ್ ಕೋರ್ 2 ಡ್ಯುಯೊ ಆಗಿದ್ದರೆ ಅಲ್ಲಿಗೇ ಬಿಡಿ. ವಿಂಡೋಸ್ 11ರ 24ಎಚ್2 ಆವೃತ್ತಿಗೆ ಪಾಪ್‌ಕೌಂಟ್ ಎಂಬ ಸೂಚನೆ ಪ್ರೊಸೆಸರ್‌ನಲ್ಲೇ ಇರಬೇಕು, ಯಾವ ಬೈಪಾಸ್‌ನಿಂದಲೂ ಅದು ಬರುವುದಿಲ್ಲ, ಯಂತ್ರ ಬೂಟ್ ಆಗುವುದೇ ಇಲ್ಲ.

ಡಿಸ್ಕ್ ಅನ್ನು ಅಳಿಸದೆ ಎಂಬಿಆರ್‌ನಿಂದ ಜಿಪಿಟಿಗೆ ಪರಿವರ್ತಿಸಲು ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಒಳ್ಳೆಯ ಸಾಧನ. ಆದರೆ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಕಂಡರೆ, ಅಥವಾ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ದರೆ, ಅದು ನಿರಾಕರಿಸುತ್ತದೆ. ನಿರಾಕರಿಸಿತೆಂದು ಸಿಕ್ಕ ಸಿಕ್ಕ ಉಚಿತ ತಂತ್ರಾಂಶ ಹಾಕಿ ಬಲವಂತ ಮಾಡಬೇಡಿ. ಪರಿವರ್ತನೆ ಯಶಸ್ವಿಯಾದರೂ ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆ ಲೆಗಸಿ ಮೋಡ್‌ಗೆ ಆಸರೆಯಾಗುವ ಆಯ್ಕೆ) ಆಫ್ ಮಾಡಿದ ಮೇಲೆ ತೀರಾ ಹಳೆಯ ಗ್ರಾಫಿಕ್ಸ್ ಕಾರ್ಡ್‌ಗಳು ಕಪ್ಪು ಪರದೆ ಕೊಡುತ್ತವೆ, ಅವುಗಳಲ್ಲಿ ಯುಇಎಫ್‌ಐಗೆ ಬೇಕಾದ ಭಾಗ ಇರುವುದಿಲ್ಲ. ಕಾರ್ಡ್ ತೆಗೆದು ಮಾನಿಟರ್ ಅನ್ನು ಮದರ್‌ಬೋರ್ಡ್‌ಗೇ ಜೋಡಿಸಿ ನೋಡಿ.

ಅಪ್‌ಗ್ರೇಡ್ ಬೇರೆ ಹಂತದಲ್ಲಿ ನಿಂತರೆ ಪರದೆಯ ಮೇಲಿನ ದೋಷದ ಕೋಡ್ ಬರೆದುಕೊಳ್ಳಿ. ಸಿ1900101 ಎಂದು ಬಂದರೆ ಬಹುತೇಕ ಡ್ರೈವರ್ ತೊಂದರೆ: ಹೊರಗಿನ ಆ್ಯಂಟಿವೈರಸ್ ತೆಗೆಯಿರಿ, ಪ್ರಿಂಟರ್, ಡಾಂಗಲ್, ಕಾರ್ಡ್ ರೀಡರ್ ಎಲ್ಲ ಬಿಚ್ಚಿ, ಕೀಬೋರ್ಡ್ ಮೌಸ್ ಮಾತ್ರ ಉಳಿಸಿ. 80070070 ಎಂದರೆ ಜಾಗ ಸಾಲದು. ಸೆಟಪ್‌ಡಯಾಗ್ ಎಂಬ ಮೈಕ್ರೋಸಾಫ್ಟ್‌ನದೇ ಉಚಿತ ಸಾಧನ ಲಾಗ್ ಕಡತಗಳನ್ನು ಓದಿ ಕಾರಣ ಹೇಳುತ್ತದೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಆದರೆ ನೋಂದಾಯಿಸಿಕೊಂಡ ಮನೆ ಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯನ್ನು ಮೈಕ್ರೋಸಾಫ್ಟ್ ತಂದಿತು. ಅದಕ್ಕೆ ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕಿತ್ತು. ಅವಸರ ಬೀಳಲು ಕಾರಣವಿರಲಿಲ್ಲ.

11 ಬೇಕೇ ಬೇಕೆಂದರೆ ನಾವು ಒಪ್ಪುವ ದಾರಿ ಒಂದೇ. 256 ಜಿಬಿಯ ಹೊಸ ಎಸ್‌ಎಸ್‌ಡಿ ತನ್ನಿ. ಕರೆಂಟ್ ತೆಗೆದು, ಹಳೆ ಡಿಸ್ಕ್‌ನ ಸಾಟಾ ಕೇಬಲ್ ಎಳೆದುಬಿಡಿ. ಹೊಸದರ ಮೇಲಷ್ಟೇ ಇನ್‌ಸ್ಟಾಲ್ ಮಾಡಿ. ಕಣ್ಣಿಗೇ ಬೀಳದ ಡಿಸ್ಕ್ ಅನ್ನು ಯಾರೂ ಅಳಿಸಲಾರರು. ಎಲ್ಲ ಮುಗಿದ ಮೇಲೆ ಹಳೆಯದನ್ನು ಜೋಡಿಸಿ, ಬಯಾಸ್‌ನಲ್ಲಿ ಎಸ್‌ಎಸ್‌ಡಿ ಮೊದಲು ಬರುವಂತೆ ಇಡಿ. ಮಾಹಿತಿ ಓದಲು ಅದು ಎಂಬಿಆರ್ ಆಗಿದ್ದರೂ ಅಡ್ಡಿಯಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಅದನ್ನು ಇನಿಷಿಯಲೈಸ್ ಅಥವಾ ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ, ಯಂತ್ರ ಆಫ್ ಮಾಡಿ, ಕೇಬಲ್ ಸರಿಯಾಗಿ ಕೂತಿದೆಯೇ ಎಂದು ಮೊದಲು ನೋಡಿ.