ದಾಳಿಂಬೆ ತೋಟಕ್ಕೆ ಟೆನ್ಸಿಯೋಮೀಟರ್: ಎರಡು ಬೆಳೆ ತೆಗೆದ ಮೇಲೆ ಬರೀತಿದೀನಿ

ನಮ್ಮದು ಹಿರಿಯೂರು ತಾಲ್ಲೂಕು. ಎರಡು ಎಕರೆ ಭಗವಾ ತಳಿ ದಾಳಿಂಬೆ, 600 ಗಿಡ. ಮೇಲೆ ಕೆಂಪು ಮಣ್ಣು, ಎರಡಡಿ ಕೆಳಗೆ ಗರಸು, ಅಂದ್ರೆ ನೀರು ನಿಲ್ಲದ ಕಲ್ಲುಮಣ್ಣು. ಒಂದೇ ಬೋರು, ಎರಡು ವಾಲ್ವು. ತ್ರೀ ಫೇಸ್ ಕರೆಂಟ್ ಬರೋ ಏಳು ಗಂಟೆಯನ್ನ ಎರಡು ವಾಲ್ವಿಗೆ ಸಮ ಹಂಚಿಬಿಡೋದು, ಮೂರೂವರೆ ಮೂರೂವರೆ. ಬಹಳ ವರ್ಷ ಇದೇ ನನ್ನ ನೀರಿನ ಲೆಕ್ಕ. 2022ರಲ್ಲಿ ನಮ್ಮ ಮಾರಿಕಣಿವೆ ಡ್ಯಾಮು 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಆಗ ಬೋರಲ್ಲೂ ನೀರು ಮೇಲೆ ಬಂತು, ನನಗೂ ಧಾರಾಳತನ ಬಂತು. ಮಾರನೇ ವರ್ಷ ಬರ. 2024ರ ಫೆಬ್ರವರಿಗೆ ಮೋಟಾರು ಮಧ್ಯೆ ಮಧ್ಯೆ ಗಾಳಿ ಕಕ್ಕೋಕೆ ಶುರು ಮಾಡಿದಾಗ ಒಂದು ಜೊತೆ ಟೆನ್ಸಿಯೋಮೀಟರ್ ತರಿಸಿದೆ, ಮಣ್ಣು ಎಷ್ಟು ಒಣಗಿದೆ ಅಂತ ತೋರಿಸೋ ಗೇಜು. ಒಂದಡಿ ಆಳಕ್ಕೆ ಹೂಳೋದೊಂದು, ಎರಡಡಿ ಆಳಕ್ಕೊಂದು. ಎರಡಕ್ಕೂ ಸೇರಿ ಆರು ಸಾವಿರದ ಚಿಲ್ಲರೆ. ಕಂಪನಿ ಹೆಸರು ಬರೆಯಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ವಸ್ತು ತೀರಾ ಸರಳ. ಒಂದು ಕೊಳವೆ, ತುದಿಗೆ ಬಿಳಿ ಪಿಂಗಾಣಿ ಬಟ್ಟಲು, ಮೇಲೆ ಗೇಜು. ಕೊಳವೆ ತುಂಬ ನೀರು. ಮಣ್ಣು ಒಣಗಿದಂಗೆ ಬಟ್ಟಲಿನ ಸಣ್ಣ ರಂಧ್ರಗಳಿಂದ ನೀರು ಹೀರುತ್ತೆ, ಒಳಗೆ ನಿರ್ವಾತ ಆಗಿ ಮುಳ್ಳು ಏರುತ್ತೆ. ಸೊನ್ನೆ ಅಂದ್ರೆ ಕೆಸರು. ಬೇರು ನೀರಿಗೆ ಎಷ್ಟು ಒದ್ದಾಡ್ತಿದೆ ಅನ್ನೋದನ್ನ ಸೆಂಟಿಬಾರ್ (ಒತ್ತಡದ ಅಳತೆ) ಲೆಕ್ಕದಲ್ಲಿ ತೋರಿಸುತ್ತೆ. ಕಳೆ ತೆಗೆಯೋಕೆ ಬಂದ ಹೆಣ್ಣಾಳೊಬ್ಬಳು "ಅಣ್ಣ, ಗಿಡಕ್ಕೂ ಬಿಪಿ ಬಂತಾ?" ಅಂದ್ಲು. ಹೆಚ್ಚುಕಮ್ಮಿ ಅದೇ.

ಹೂಳೋದರಲ್ಲೇ ಅರ್ಧ ಕೆಲಸ ಇದೆ. ಬಟ್ಟಲನ್ನ ರಾತ್ರಿಯೆಲ್ಲಾ ಬಕೆಟ್ಟಲ್ಲಿ ನೆನೆಹಾಕಬೇಕು. ಕೊಳವೆಗೆ ಕುದಿಸಿ ಆರಿಸಿದ ನೀರು, ಇಲ್ಲಾಂದ್ರೆ ಗುಳ್ಳೆ ನಿಲ್ಲುತ್ತೆ. ಮೊದಲ ಸಲ ನಾನು ಹಾರೆಯಿಂದ ತೂತು ಹೊಡೆದು ಇಳಿಸಿ, ಸುತ್ತ ಒಣಮಣ್ಣು ತುಳಿದೆ. ಮೂರು ದಿನ ಆದ್ರೂ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಕೆಟ್ಟ ಮಾಲು ಕಳಿಸಿದಾರೆ ಅಂತ ಬೈಕೊಂಡೆ. ತಪ್ಪು ನನ್ನದು, ಬಟ್ಟಲಿಗೆ ಮಣ್ಣು ತಾಗೇ ಇರಲಿಲ್ಲ. ಕಿತ್ತು, ಅದೇ ಮಣ್ಣನ್ನ ಅಂಬಲಿ ಥರ ಕಲಸಿ ತೂತಿಗೆ ಸುರಿದು ಇಳಿಸಿದ ಮೇಲೆ ಮಾತಾಡ್ತು.

ಮಾತಾಡಿದ್ದು ನನಗೆ ಇಷ್ಟ ಆಗೋ ಮಾತಲ್ಲ. ಒಂದಡಿದು ಬೆಳಿಗ್ಗೆ ಆರಕ್ಕೆ 10, ಎರಡಡಿದು ದಿನಾ 5ರ ಆಸುಪಾಸು. ಅಂದ್ರೆ ಬರಗಾಲದಲ್ಲಿ, ಬೋರು ಬಸಿದು, ನಾನು ಗರಸಿಗೆ ನೀರು ಕುಡಿಸ್ತಿದ್ದೆ.

ಆಗ ಕಾಗದ ಪೆನ್ನು ಹಿಡಿದು ಕೂತೆ. ಏಪ್ರಿಲ್ ಬಿಸಿಲಲ್ಲಿ ತೆರೆದ ಪ್ಯಾನಿಂದ (ಆವಿಯಾಗೋ ನೀರು ಅಳೆಯೋಕೆ ಬಯಲಲ್ಲಿ ಇಡೋ ತೊಟ್ಟಿ) ದಿನಕ್ಕೆ 8 ಮಿಲಿಮೀಟರ್ ನೀರು ಆವಿಯಾಗುತ್ತೆ ಅಂತ ಇಟ್ಟುಕೊಳ್ಳಿ. ತೊಟ್ಟಿ ಲೆಕ್ಕವನ್ನ ಹೊಲದ ಲೆಕ್ಕಕ್ಕೆ ಇಳಿಸೋ ಪ್ಯಾನ್ ಗುಣಾಂಕ 0.7ರಿಂದ ಗುಣಿಸಿದ್ರೆ 5.6. ಅದರಲ್ಲಿ ಬೆಳೆಗೆ ಎಷ್ಟು ಪಾಲು ಬೇಕು ಅನ್ನೋ ಬೆಳೆ ಗುಣಾಂಕ, ಕಾಯಿ ದಪ್ಪ ಆಗೋ ಹೊತ್ತಿಗೆ 0.8 ಹಿಡಿದೆ, ಸುಮಾರು 4.5 ಮಿ.ಮೀ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ನೀರು ಅಂದ್ರೆ ಸರಿಯಾಗಿ ಒಂದು ಲೀಟರ್, ಇದೊಂದು ನೆನಪಿದ್ರೆ ಸಾಕು. ನನ್ನ ಗಿಡದ ಹರವು ಮೂರು ಮೀಟರ್, ನೆರಳು 7 ಚದರ ಮೀಟರ್. ಗಿಡಕ್ಕೆ ದಿನಕ್ಕೆ 31 ಲೀಟರ್ ಚಿಲ್ಲರೆ ಆಯ್ತು. ಡ್ರಿಪ್ಪಲ್ಲಿ ನಷ್ಟ ಆಗೋದನ್ನೂ ಸೇರಿಸಿ 35. ಗಿಡಕ್ಕೆ ಗಂಟೆಗೆ ನಾಲ್ಕು ಲೀಟರ್ ಬಿಡೋ ನಾಲ್ಕು ಡ್ರಿಪ್ಪರ್, ಒಟ್ಟು ಗಂಟೆಗೆ 16 ಲೀಟರ್. ಎರಡು ಗಂಟೆ ಹತ್ತು ನಿಮಿಷ ಸಾಕು. ನಾನು ಬಿಡ್ತಿದ್ದದ್ದು ಮೂರೂವರೆ ಗಂಟೆ, 56 ಲೀಟರ್.

ಮನೇಲೇ ಪ್ಯಾನ್ ಇಡೋಣ ಅಂತ ಡ್ರಮ್ಮು ಕೊಯ್ದು ಸ್ಕೇಲ್ ಅಂಟಿಸಿದ್ದೂ ಆಯ್ತು. ಎರಡನೇ ದಿನ 14 ಮಿ.ಮೀ. ಇಳಿದಿತ್ತು. ಅಬ್ಬಾ ಏನು ಬಿಸಿಲು ಅಂತ ನೋಡಿದ್ರೆ ಪಕ್ಕದ ಹೊಲದ ಮೇಕೆ! ಹವಾಮಾನ ಕೇಂದ್ರದ ಪ್ಯಾನಿಗೆ ಜಾಲರಿ ಯಾಕೆ ಹಾಕಿರ್ತಾರೆ ಅಂತ ಅವತ್ತು ತಿಳೀತು. ಅದೂ ಅಲ್ಲದೆ ಸಣ್ಣ ಡ್ರಮ್ಮು ಬೇಗ ಕಾದು ಹೆಚ್ಚೇ ತೋರಿಸುತ್ತೆ. ಅದನ್ನ ಕೋಳಿಗೆ ಬಿಟ್ಟುಕೊಟ್ಟೆ.

ಲೆಕ್ಕ ನಂಬೋ ಮುಂಚೆ ಇನ್ನೊಂದು ನೋಡಿ. ಡ್ರಿಪ್ಪರ್ ಕೆಳಗೆ ಲೀಟರ್ ಬಾಟ್ಲಿ ಇಡಿ, ಹದಿನೈದು ನಿಮಿಷಕ್ಕೆ ತುಂಬಬೇಕು. ನನ್ನ ಕೊನೇ ಸಾಲಲ್ಲಿ 600 ಮಿ.ಲೀ. ಬಂತು, ಗಡಸು ನೀರಿನ ಉಪ್ಪು ಕಟ್ಟಿತ್ತು. ಪೈಪಿಗೆ ಆಸಿಡ್ ಬಿಟ್ಟು ತೊಳೆದ ಮೇಲೇ ಹೊಸ ಟೈಮಿಂಗ್ ಶುರು ಮಾಡಿದ್ದು.

ಈಗ ಒಂದಡಿದು ಬೆಳಿಗ್ಗೆ 30 ಮುಟ್ಟಿದ್ರೆ ನೀರು. 20ರ ಒಳಗಿದ್ರೆ ಅವತ್ತು ರಜ. ಎರಡಡಿದು 15ರಿಂದ 20ರಲ್ಲಿ ನಿಂತಿದೆ. ಮೋಟಾರಿಗೆ ದಿನಾ ಎರಡೂವರೆ ಗಂಟೆ ವಿರಾಮ, ಗಾಳಿ ಕಕ್ಕೋದು ನಿಂತಿದೆ. ಕಾಯಿ ಬಿರಿಯೋದೂ ಎರಡು ಬೆಳೇಲೂ ಕಮ್ಮಿ. ಆದ್ರೆ ಬೋರಾನ್ ಕೂಡ ಹೊಡೆದಿದ್ದೆ, ಹಾಗಾಗಿ ಪೂರಾ ಶ್ರೇಯ ಗೇಜಿಗೆ ಕೊಡೋಕೆ ಮನಸ್ಸು ಒಪ್ಪಲ್ಲ.

ಇನ್ನು ದೂರುಗಳು. ವಾರಕ್ಕೊಮ್ಮೆ ನೀರು ತುಂಬಬೇಕು, ಮರೆತ್ರೆ ಸುಳ್ಳು ಹೇಳುತ್ತೆ. ಕೊಳವೆ ಒಳಗೆ ಪಾಚಿ ಕಟ್ಟುತ್ತೆ. ಒಂದರ ಬಟ್ಟಲು ಗುದ್ದಲಿ ಏಟಿಗೆ ಒಡೆಯಿತು. ಬಿಡಿ ಬಟ್ಟಲು ಬೇಕು ಅಂದ್ರೆ ಮಾರುವಾಗ ದಿನಾ ಫೋನ್ ಮಾಡ್ತಿದ್ದ ಹುಡುಗ ಈಗ ಎತ್ತೋದೇ ಇಲ್ಲ. ಮೂರು ವಾರ ಕಾದೆ. ಬಂದದ್ದು ಬೇರೆ ಸೈಜು!

ಅದಕ್ಕಿಂತ ದೊಡ್ಡ ಮಾತು, ಯಾವ ಮಾರಾಟಗಾರನೂ ಹೇಳಲ್ಲ. ನಾನು ಹಿಡಿಯೋದು ಅಂಬೆ ಬಹಾರ್, ಅಂದ್ರೆ ಜನವರಿ ಫೆಬ್ರವರಿಯಲ್ಲಿ ಹೂ ಬಿಡಿಸೋ ಬೆಳೆ. ನವೆಂಬರ್ ಡಿಸೆಂಬರಲ್ಲಿ ಒಂದು ತಿಂಗಳಿಗೂ ಹೆಚ್ಚು ನೀರು ನಿಲ್ಲಿಸಿ ಎಲೆ ಉದುರಿಸ್ತೀವಿ, ಹೂ ಒಟ್ಟಿಗೆ ಬರಲಿ ಅಂತ. ಎಷ್ಟು ಒಣಗಿತು, ಯಾವಾಗ ನೀರು ಬಿಡಬೇಕು ಅಂತ ಜೀವ ಬಾಯಿಗೆ ಬರೋದು ಆಗಲೇ. ಈ ಯಂತ್ರ 80 ದಾಟಿದ್ರೆ ಬಟ್ಟಲಿಂದ ಗಾಳಿ ನುಗ್ಗಿ ಮುಳ್ಳು ದೊಪ್ಪಂತ ಸೊನ್ನೆಗೆ ಬೀಳುತ್ತೆ. ಗೊತ್ತಿಲ್ಲದವರು ನೋಡಿದ್ರೆ ತೋಟ ತೊಯ್ದಿದೆ ಅಂದ್ಕೋಬೇಕು. ಆ ತಿಂಗಳು ಕಿತ್ತು, ತೊಳೆದು, ಅಟ್ಟದ ಮೇಲೆ ಇಡ್ತೀನಿ. ಎಲೆ ನೋಡೋ ಹಳೇ ಕಣ್ಣೇ ಗತಿ.

ಎರೆಮಣ್ಣಿನವರು ತಗೊಳ್ಳೋ ಮುಂಚೆ ಯೋಚನೆ ಮಾಡಿ. ನಮ್ಮ ಭಾವಮೈದನ ಹೊಲದಲ್ಲಿ ಭೂಮಿ ಬಿರುಕು ಬಿಟ್ಟು ಬಟ್ಟಲು ಗಾಳಿಯಲ್ಲಿ ನೇತಾಡ್ತಿತ್ತು. ಅವನು ಈಗ ಸಿಮ್ ಹಾಕೋ ಸೆನ್ಸರ್ ಇಟ್ಟಿದಾನೆ, ವರ್ಷ ವರ್ಷ ದುಡ್ಡು ಕಟ್ಟಬೇಕು. ರಾತ್ರಿ ಹನ್ನೊಂದಕ್ಕೆ "ನೀರು ಬಿಡಿ" ಅಂತ ಮೆಸೇಜ್ ಬರುತ್ತೆ. ಕರೆಂಟ್ ಬರೋದು ಬೆಳಗಿನ ಜಾವ ನಾಲ್ಕಕ್ಕೆ.

ಐದಕ್ಕೆ ಮೂರೂವರೆ ಕೊಡ್ತೀನಿ. ಕೆಂಪು ಮಣ್ಣು, ಡ್ರಿಪ್ಪು ಇದ್ದು, ಬೆಳಿಗ್ಗೆ ತೋಟ ಸುತ್ತೋ ಅಭ್ಯಾಸ ಇರೋರು ತಗೊಳ್ಳಿ. ಆರ್ಡರ್ ಮಾಡುವಾಗಲೇ ಒಂದು ಬಟ್ಟಲು, ಎರಡು ರಬ್ಬರ್ ವಾಷರ್ ಹೆಚ್ಚಿಗೆ ಹಾಕಿಸಿಕೊಳ್ಳಿ. ಹೂತ ಜಾಗದ ಪಕ್ಕ ಒಂದು ಕೆಂಪು ಬಟ್ಟೆ ಕಟ್ಟಿದ ಗೂಟ ನೆಡಿ, ಗುದ್ದಲಿಗೆ ಕಾಣಲಿ.